ನೋಡತಕ್ಕ ಭೂತ, ನಂಬತಕ್ಕ ಪತ್ತೇದಾರ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ವಿದ್ಯಾರ್ಥಿಗಳು ನಮ್ಮ ಮಾತುಕತೆ ಕಾರ್ಯಕ್ರಮಕ್ಕೆ ಬರೆಯುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಭೂತದ ಧಾರಾವಾಹಿ, ಕೊಲೆ–ಪತ್ತೇದಾರಿಯ ಧಾರಾವಾಹಿ ನೋಡಬಹುದೆ? ನೋಡುವುದಾದರೆ ಯಾವುದನ್ನು ನೋಡಬೇಕು? ಹೆಚ್ಚಿನ ಪತ್ರಗಳ ಕೊನೆಯಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ಮನೆಯಲ್ಲಿ ಬೈಯುತ್ತಾರೆ.

ನನ್ನ ಉತ್ತರ: ನೋಡಿ, ಆದರೆ ಆರಿಸಿ ನೋಡಿ. ಆರಿಸುವುದಕ್ಕೆ ನಾನು ಒಂದು ಸಣ್ಣ ಪರೀಕ್ಷೆ ಇಟ್ಟುಕೊಂಡಿದ್ದೇನೆ. ಕಂತು ಮುಗಿದ ಮೇಲೆ ‘ಇದು ಹೇಗಾಯಿತು?’ ಎಂಬ ಪ್ರಶ್ನೆ ಮನಸ್ಸಿನಲ್ಲಿ ಉಳಿದರೆ ಅದು ನೋಡತಕ್ಕ ಧಾರಾವಾಹಿ. ‘ಇದನ್ನು ಮಾಡಿದವರು ಯಾರಿರಬಹುದು?’ ಎಂದು ಕಣ್ಣು ನೆರೆಮನೆಯ ಕಡೆಗೆ ಹೊರಳಿದರೆ ಅದನ್ನು ಅಲ್ಲಿಗೇ ಬಿಟ್ಟುಬಿಡಿ. ಈ ಪರೀಕ್ಷೆ ನಿಮ್ಮ ಕಡೆಯವರಿಗೆ ಸ್ವಲ್ಪ ಹೆಚ್ಚಾಗಿಯೇ ಬೇಕು. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ನಿಮ್ಮ ಜಿಲ್ಲೆಗೂ ಟೆಲಿವಿಷನ್ನಿಗೂ ಇರುವ ನಂಟು ಬೆಂಗಳೂರಿನ ನಂಟಿಗಿಂತ ಹಳೆಯದು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ‘ಸೈಟ್’ ಎಂಬ ಉಪಗ್ರಹ ಪ್ರಯೋಗ ನಡೆಯಿತು. ಅಮೆರಿಕದ ಎ.ಟಿ.ಎಸ್.–6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಬಂತು. ಕರ್ನಾಟಕದಲ್ಲಿ ಆ ಹಳ್ಳಿಗಳಿದ್ದದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳಲ್ಲಿ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಕೋಳಿಗೂಡಿಗೆ ಹೊದಿಸುವ ತಂತಿಜಾಲರಿಯಿಂದ ಮಾಡಿದ ಛತ್ರಿಯಂಥ ಆಂಟೆನಾದ ಕೆಳಗೆ ಕುಳಿತು ನಿಮ್ಮ ಅಜ್ಜ ಅಜ್ಜಿಯರು ಬೇಸಾಯ, ಆರೋಗ್ಯದ ಕಾರ್ಯಕ್ರಮ ನೋಡಿದರು. ಭೂತಗಳು ಬಂದದ್ದು ಆಮೇಲೆ.

ಮೊದಲು ಬಂದ ಭೂತ ಬಹಳ ಸಭ್ಯವಾದದ್ದು. 1985ರಲ್ಲಿ ರಮಾನಂದ ಸಾಗರ್ ಅವರು ದೂರದರ್ಶನಕ್ಕೆ ‘ವಿಕ್ರಮ್ ಔರ್ ಬೇತಾಲ್’ ಮಾಡಿದರು. ಅರುಣ್ ಗೋವಿಲ್ ವಿಕ್ರಮ, ಸಜ್ಜನ್ ಎಂಬ ಹಿರಿಯ ನಟರು ಬೇತಾಳ. ಸ್ಮಶಾನದ ಮರದಲ್ಲಿ ನೇತಾಡುವ ಹೆಣವನ್ನು ರಾಜ ಬೆನ್ನಿಗೆ ಹಾಕಿಕೊಂಡು ನಡೆಯುತ್ತಾನೆ, ಹೆಣದೊಳಗಿನ ಬೇತಾಳ ಕಥೆ ಹೇಳಿ ಕೊನೆಗೆ ಒಂದು ನ್ಯಾಯದ ಪ್ರಶ್ನೆ ಕೇಳುತ್ತದೆ. ಇವತ್ತು ನೋಡಿದರೆ ಅದರ ತಂತ್ರಗಳು ನಗೆ ಬರಿಸುತ್ತವೆ. ಆದರೂ ಕಿರಿಯ ತರಗತಿಯವರಿಗೆ ನಾನು ಮೊದಲು ಹೇಳುವುದು ಇದನ್ನೇ. ಹೆದರಿಸಿದ ಭೂತವೇ ಮರುಕ್ಷಣ ‘ಯೋಚಿಸಿ ಹೇಳು’ ಎನ್ನುತ್ತದೆ. ತಮ್ಮ ತಂಗಿಯರನ್ನು ಕೂಡಿಸಿಕೊಂಡು, ರಾಜ ಉತ್ತರ ಹೇಳುವ ಮುನ್ನ ನಿಲ್ಲಿಸಿ ಅವರ ತೀರ್ಪು ಕೇಳಿ ನೋಡಿ.

1993ರಲ್ಲಿ ‘ಝೀ ಹಾರರ್ ಶೋ’ ಬಂತು, ರಾಮ್ಸೆ ಸಹೋದರರದು. ಕೇಬಲ್ ಇದ್ದ ಮನೆಯಲ್ಲಿ ಹತ್ತು ಮನೆಯ ಮಕ್ಕಳು ಸೇರುತ್ತಿದ್ದ ಕಾಲ ಅದು. ವಾಡಿಯಲ್ಲಿ ನನ್ನ ಸೋದರಮಾವನ ಮನೆಯಲ್ಲಿ ಒಂದು ಬೇಸಿಗೆ ರಜೆಯಲ್ಲಿ ಅದನ್ನು ನೋಡಿ, ರಾತ್ರಿ ಅಂಗಳ ದಾಟಿ ಬಚ್ಚಲಿಗೆ ಹೋಗಲಾರದೆ ಬೆಳಗಿನವರೆಗೆ ತಡೆದುಕೊಂಡದ್ದು ನನಗೆ ನೆನಪಿದೆ. 1995ರಲ್ಲಿ ಸೋನಿ ವಾಹಿನಿಯಲ್ಲಿ ಬಿ.ಪಿ. ಸಿಂಗ್ ಅವರ ‘ಆಹಟ್’ ಶುರುವಾಯಿತು. ಆಹಟ್ ಎಂದರೆ ಸಪ್ಪಳ, ಕಾಲಿನ ಸುಳಿವು. ಎರಡರಲ್ಲಿ ‘ಆಹಟ್’ನ ಆರಂಭದ ಕಂತುಗಳು ಮೇಲು. ಅವು ಭೂತವನ್ನು ತೋರಿಸುವುದಕ್ಕಿಂತ ಕೇಳಿಸುವುದರಲ್ಲಿ ಜಾಣತನ ತೋರಿದವು. ಮುಖಕ್ಕೆ ರಬ್ಬರು ಅಂಟಿಸಿದ ಭೂತ ಎರಡನೆಯ ಸಲಕ್ಕೆ ಹಳತಾಗುತ್ತದೆ, ಬಾಗಿಲ ಆಚೆಯ ಸಪ್ಪಳ ಹಳತಾಗುವುದಿಲ್ಲ.

ಇದರ ಹಿಂದಿನ ಕೆಲಸ ತಿಳಿದರೆ ನೋಡುವ ಸುಖ ಕಡಿಮೆಯಾಗುವುದಿಲ್ಲ, ಬೇಕಾದರೆ ಪರೀಕ್ಷಿಸಿ. ನಮ್ಮ ಮಿದುಳಿನ ಆಳದಲ್ಲಿ ಬಾದಾಮಿ ಬೀಜದ ಆಕಾರದ ಅಮಿಗ್ಡಲ ಎಂಬ ಭಾಗವಿದೆ. ಕಣ್ಣು ಕಿವಿ ತಂದ ಸುದ್ದಿಯನ್ನು ಬುದ್ಧಿ ತೂಗಿ ನೋಡುವ ಮೊದಲೇ ಅದು ಅಪಾಯದ ಗಂಟೆ ಬಾರಿಸಬಲ್ಲದು. ಆಗ ಮೂತ್ರಪಿಂಡದ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್ ಗ್ರಂಥಿಯಿಂದ ಅಡ್ರಿನಲಿನ್ ರಕ್ತಕ್ಕೆ ಇಳಿಯುತ್ತದೆ. ಎದೆ ಬಡಿತ ಏರುತ್ತದೆ, ಅಂಗೈ ಬೆವರುತ್ತದೆ, ರೋಮ ನಿಲ್ಲುತ್ತದೆ. ನಿರ್ದೇಶಕನಿಗೆ ಈ ಗಂಟೆಯ ಹಗ್ಗ ಎಲ್ಲಿದೆಯೆಂದು ಗೊತ್ತು. ಮೊದಲು ಮೌನ, ಆಮೇಲೆ ಹಠಾತ್ ಶಬ್ದ. ಮುಂದಿನ ಸಲ ಹೆದರಿಕೆಯ ದೃಶ್ಯ ಬಂದಾಗ ಟೀವಿಯ ಧ್ವನಿ ಪೂರ್ತಿ ನಿಲ್ಲಿಸಿ ನೋಡಿ. ಮುಕ್ಕಾಲು ಭೂತ ಅಲ್ಲಿಗೇ ಮಾಯ. ಇನ್ನೊಂದು ಬೆಳಕಿನದು. ಹಗಲೆಲ್ಲ ಬೆಳಕು ಮೇಲಿನಿಂದ ಬೀಳುವುದರಿಂದ ಮುಖದ ನೆರಳುಗಳು ಕೆಳಗಿರುವುದೇ ನಮಗೆ ರೂಢಿ. ಗದ್ದದ ಕೆಳಗೆ ಬ್ಯಾಟರಿ ಹಿಡಿದರೆ ನೆರಳುಗಳೆಲ್ಲ ತಲೆಕೆಳಗಾಗಿ, ನಿಮ್ಮ ಸ್ವಂತ ಅಜ್ಜಿಯ ಮುಖವೂ ಅಪರಿಚಿತವಾಗುತ್ತದೆ.

ಅಜ್ಜಿಯ ಮುಖದ ಮಾತು ಬಂತಲ್ಲ, ಒಂದು ಘಟನೆ ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ತೊಗರಿ ಬೆಳೆಯ ಬಗ್ಗೆ ಚಿತ್ರೀಕರಣಕ್ಕೆಂದು ಚಿಂಚೋಳಿ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಕ್ಯಾಮೆರಾ ನೋಡಲು ಮಕ್ಕಳು ನೆರೆದಿದ್ದರು. ಆ ದಾರಿಯಲ್ಲಿ ಒಬ್ಬ ಮುದುಕಿ ಕೊಡ ಹೊತ್ತು ಬಂದಳು. ಬೆಳ್ಳನೆಯ ಕೂದಲು, ಬಾಗಿದ ಬೆನ್ನು. ತಕ್ಷಣ ಮಕ್ಕಳು ಬಾಯಿಯಿಂದ ‘ಢಂ ಢಂ ಢಢಂ’ ಎಂದು ಒಂದು ಸಂಗೀತ ಹೊರಡಿಸಿದರು. ಆಕೆ ತಲೆಯೆತ್ತದೆ ಹೋದಳು, ಅಭ್ಯಾಸವಾದವಳಂತೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ನನ್ನ ಹತ್ತಿರ ಬಂದು ಮೆಲ್ಲಗೆ, “ಆಕಿ ಬಾನಾಮತಿ ಮಾಡ್ತಾಳ್ರೀ ಸರ್” ಎಂದ. ನಿನಗೆ ಹೇಗೆ ಗೊತ್ತು ಎಂದೆ. “ಟೀವ್ಯಾಗ ಹಂಗೇ ಇರ್ತಾರಲ್ರೀ” ಎಂದ. ಅವರು ಬಾಯಲ್ಲಿ ಬಾರಿಸಿದ ಆ ಸಂಗೀತ ನನಗೆ ಪರಿಚಿತ. ನಮ್ಮಂಥವರು ಸಂಗ್ರಹದಿಂದ ತೆಗೆದು ನೂರು ಸಲ ಬಳಸಿದ್ದು. ಅದಕ್ಕೂ ಎರಡು ವರ್ಷ ಮೊದಲು ನಾನೇ ಒಂದು ಕಂತಿನಲ್ಲಿ ಮಾಟಗಾತಿಯ ಪಾತ್ರಕ್ಕೆ ಬಿಳಿ ಕೂದಲು ಕಟ್ಟಿಸಿ, ಕೆಳಗಿನಿಂದ ದೀಪ ಹಿಡಿಸಿದ್ದೆ.

ಬಾನಾಮತಿ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ನಿಮ್ಮ ಜಿಲ್ಲೆಯಲ್ಲೂ ಬೀದರ್ ಕಡೆಯಲ್ಲೂ ಗಡಿಯಾಚೆಯ ತೆಲಂಗಾಣದ ಹಳ್ಳಿಗಳಲ್ಲೂ ಆ ಹೆಸರಿಗೆ ಜನ ದನಿ ತಗ್ಗಿಸುತ್ತಾರೆ. ಮನೆಯ ಮೇಲೆ ಕಲ್ಲು ಬೀಳುವುದು, ಗಂಟಿನಲ್ಲಿಟ್ಟ ಸೀರೆ ಹೊತ್ತಿಕೊಳ್ಳುವುದು, ಒಬ್ಬ ಹೆಂಗಸು ಕಿರುಚಿದರೆ ಓಣಿಯ ಹತ್ತು ಹೆಂಗಸರು ಕಿರುಚುವುದು, ಇವನ್ನು ಬಾನಾಮತಿಯ ಲಕ್ಷಣವೆನ್ನುತ್ತಾರೆ. ಕಲ್ಲನ್ನು ಎಸೆಯಲು ಕೈ ಸಾಕು. ಬಟ್ಟೆ ತಾನಾಗಿ ಹೊತ್ತಿಕೊಳ್ಳುವಂತೆ ಮಾಡಬಲ್ಲ ರಾಸಾಯನಿಕಗಳಿವೆ: ಬಿಳಿ ರಂಜಕ ಗಾಳಿ ತಾಗಿದರೆ ಉರಿಯುತ್ತದೆಂದು ನಿಮ್ಮ ಪಠ್ಯಪುಸ್ತಕವೇ ಹೇಳುತ್ತದೆ. ಗುಂಪಿನಲ್ಲಿ ಹರಡುವ ಕಿರುಚಾಟವನ್ನು ಮನೋವೈದ್ಯರು ಮನಸ್ಸಿನ ಒತ್ತಡ ದೇಹದ ಮೂಲಕ ಹೊರಬೀಳುವ ಬಗೆಯೆಂದು ಗುರುತಿಸಿದ್ದಾರೆ. ಅದು ನಟನೆಯಲ್ಲ, ನೋವು ನಿಜವೇ. ಮೈಮೇಲೆ ದೆವ್ವ ಬರುವುದನ್ನು ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಅಧ್ಯಯನ ಮಾಡಿದವರು. ಮನಸ್ಸಿನ ಕಾಯಿಲೆಗಳ ಬಗ್ಗೆ ಅವರು ಕನ್ನಡದಲ್ಲಿ ಬರೆದ ಸಣ್ಣ ಪುಸ್ತಕಗಳು ನಿಮ್ಮ ಊರಿನ ಗ್ರಂಥಾಲಯದಲ್ಲಿ ಸಿಕ್ಕರೆ ಓದಿ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲೆಂದೇ ಸಮಿತಿ ರಚಿಸಿದ್ದರು. ಕರ್ನಾಟಕದಲ್ಲಿ 2017ರ ಕಾಯಿದೆಯೊಂದು 2020ರ ಜನವರಿಯಿಂದ ಜಾರಿಯಲ್ಲಿದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ನಿಧಿಗಾಗಿ ಅಮಾನುಷ ಆಚರಣೆ ನಡೆಸುವುದು ಅದರ ಪ್ರಕಾರ ಅಪರಾಧ.

ಲಕ್ಷಣಗಳಿಗೆ ಕಾರಣ ಸಿಕ್ಕಿತು ಎನ್ನೋಣ. ಆದರೆ ಸಂಶಯಕ್ಕೆ ಗುರಿಯಾದವಳ ಗತಿ? ಆಕೆ ಸಾಮಾನ್ಯವಾಗಿ ವಿಧವೆ, ಬಡವಿ, ಮಾತು ಕಡಿಮೆ, ಕೇಳುವವರಿಲ್ಲ. ಮಾಟ ಮಾಡಿದರೆಂಬ ಸಂಶಯಕ್ಕೆ ನಮ್ಮ ದೇಶದಲ್ಲಿ ಜನ ಬಹಿಷ್ಕಾರ ಅನುಭವಿಸಿದ್ದಾರೆ, ಹೊಡೆತ ತಿಂದಿದ್ದಾರೆ, ಪ್ರಾಣವನ್ನೂ ಕಳೆದುಕೊಂಡಿದ್ದಾರೆ. ಆದ್ದರಿಂದಲೇ ಮಾಟಗಾತಿ ಮುದುಕಿಯನ್ನು ತೋರಿಸಿ, ಕೊನೆಗೆ ಆಕೆಯನ್ನು ಊರವರಿಂದ ಹೊಡೆಸಿ ಮಂಗಳ ಹಾಡುವ ಧಾರಾವಾಹಿಗಳನ್ನು ನೋಡಬೇಡಿ ಎನ್ನುತ್ತೇನೆ. ಅವು ಹೆಚ್ಚು ಹೆದರಿಸುತ್ತವೆಂದಲ್ಲ, ಹೆದರಿಕೆಗೆ ಒಂದು ವಿಳಾಸ ಕೊಡುತ್ತವೆ.

ಹಾಗಾದರೆ ಏನು ನೋಡಬೇಕು? ನನ್ನ ಮಟ್ಟಿಗೆ ಒಂದೇ ಒಂದು ಕಂತು ಆರಿಸು ಎಂದರೆ ‘ದಿ ಟ್ವೈಲೈಟ್ ಝೋನ್’ ಎಂಬ ಅಮೆರಿಕನ್ ಸರಣಿಯ ‘ದಿ ಮಾನ್‌ಸ್ಟರ್ಸ್ ಆರ್ ಡ್ಯೂ ಆನ್ ಮೇಪಲ್ ಸ್ಟ್ರೀಟ್’ ಎನ್ನುತ್ತೇನೆ. ಬರೆದವರು ಸರಣಿಯ ಜನಕ ರಾಡ್ ಸರ್ಲಿಂಗ್, ಪ್ರಸಾರವಾದದ್ದು 1960ರ ಮಾರ್ಚ್ 4ರಂದು. ಕಪ್ಪು–ಬಿಳುಪು, ಅರ್ಧ ಗಂಟೆಯೂ ಇಲ್ಲ. ಒಂದು ಸಂಜೆ ಒಂದು ಬೀದಿಯ ಮೇಲೆ ಏನೋ ಗರ್ಜಿಸಿ ಮಿಂಚಿ ಹೋಗುತ್ತದೆ. ಕರೆಂಟು ಹೋಗುತ್ತದೆ, ಫೋನು ಸತ್ತುಹೋಗುತ್ತದೆ, ಕಾರುಗಳು ಹೊರಡುವುದಿಲ್ಲ. ಕಥೆ ಪುಸ್ತಕ ಓದುವ ಒಬ್ಬ ಹುಡುಗ, ಬೇರೆ ಗ್ರಹದವರು ಬರುವ ಮುನ್ನ ಮನುಷ್ಯರಂತೆಯೇ ಕಾಣುವ ಒಂದು ಕುಟುಂಬವನ್ನು ಮುಂದಾಗಿ ಕಳಿಸಿರುತ್ತಾರೆ ಎನ್ನುತ್ತಾನೆ. ದೊಡ್ಡವರು ನಗುತ್ತಾರೆ. ಅಷ್ಟರಲ್ಲಿ ಒಬ್ಬನ ಕಾರು ಮಾತ್ರ ತಾನಾಗಿ ಸದ್ದು ಮಾಡುತ್ತದೆ. ನಗು ನಿಲ್ಲುತ್ತದೆ. ಆತ ರಾತ್ರಿ ಹೊತ್ತು ಅಂಗಳದಲ್ಲಿ ನಿಂತು ಆಕಾಶ ನೋಡುವುದನ್ನು ತಾನು ಕಂಡಿದ್ದೇನೆಂದು ಒಬ್ಬಾಕೆ ನೆನಪಿಸಿಕೊಳ್ಳುತ್ತಾಳೆ. ನಿದ್ದೆ ಬರುವುದಿಲ್ಲ ಎಂಬುದು ಅವನ ಉತ್ತರ, ಕೇಳುವವರು ಯಾರು? ಸಂಶಯ ಮನೆಯಿಂದ ಮನೆಗೆ ದಾಟುತ್ತದೆ. ಕತ್ತಲಲ್ಲಿ ನಡೆದು ಬರುವ ಒಂದು ಆಕೃತಿಯ ಮೇಲೆ ಗುಂಡು ಹಾರುತ್ತದೆ. ಸತ್ತವನು ಯಾರು, ಗುಡ್ಡದ ಮೇಲೆ ಕುಳಿತು ಇದೆಲ್ಲ ನೋಡುತ್ತಿದ್ದವರು ಯಾರು ಎಂಬುದನ್ನು ನಾನು ಹೇಳಿ ರುಚಿ ಕೆಡಿಸುವುದಿಲ್ಲ. ಭಾಷೆ ಇಂಗ್ಲಿಷ್, ಆದರೆ ಕತೆ ಓಣಿಯದು. ಕರೆಂಟು ಹೋದ ರಾತ್ರಿ ಕಟ್ಟೆಯ ಮೇಲೆ ಕುಳಿತು ಮಾತಾಡಿದ ಯಾರಿಗೂ ಅನುವಾದ ಬೇಕಾಗುವುದಿಲ್ಲ.

ಇಷ್ಟು ಗಂಭೀರ ಬೇಡವೆನ್ನುವವರಿಗೆ ‘ಸ್ಕೂಬಿ ಡೂ’ ಇದೆ. ನಗಬೇಡಿ. 1969ರಲ್ಲಿ ಶುರುವಾದ ಈ ವ್ಯಂಗ್ಯಚಿತ್ರ ಸರಣಿಯ ಮೊದಲ ಕಂತುಗಳಲ್ಲಿ ಪ್ರತಿ ಸಲವೂ ಭೂತದ ಮುಖವಾಡ ಕಳಚಿದರೆ ಒಳಗೊಬ್ಬ ಮನುಷ್ಯ, ಅವನಿಗೆ ಜಮೀನೋ ಹಣವೋ ಬೇಕಾಗಿರುತ್ತದೆ. ‘ಈ ಭೂತದಿಂದ ಲಾಭ ಯಾರಿಗೆ?’ ಎಂದು ಕೇಳಲು ಕಲಿಸಿದ ಕಾರ್ಯಕ್ರಮ ಬೇರೊಂದು ಇಷ್ಟು ಜನಪ್ರಿಯವಾದದ್ದು ನನಗೆ ಗೊತ್ತಿಲ್ಲ. ಇದೇ ಪ್ರಶ್ನೆಯನ್ನು ದೊಡ್ಡವರ ಗತ್ತಿನಲ್ಲಿ ಕೇಳುವುದು ಷರ್ಲಾಕ್ ಹೋಮ್ಸ್. ಬ್ರಿಟನ್ನಿನ ಗ್ರನಾಡಾ ಟೆಲಿವಿಷನ್ 1984ರಿಂದ 1994ರವರೆಗೆ ತಯಾರಿಸಿದ, ಜೆರೆಮಿ ಬ್ರೆಟ್ ಅಭಿನಯಿಸಿದ ಸರಣಿಯನ್ನು ಹುಡುಕಿ ನೋಡಿ. ಅದರಲ್ಲಿ ಬಾಸ್ಕರ್‌ವಿಲ್ ವಂಶದ ಶಾಪದ ನಾಯಿಯ ಕತೆ 1988ರಲ್ಲಿ ಬಂತು. ಬಾಯಿಂದ ಬೆಂಕಿ ಸೂಸುವ ನಾಯಿ, ಅದರ ಹಿಂದೆ ಆಸ್ತಿಗೆ ಕಾದು ಕುಳಿತ ಮನುಷ್ಯ. ಮೂಲ ಕಾದಂಬರಿಯಲ್ಲಿ ಆ ಹೊಳಪು ರಂಜಕದ್ದು. (ನಿಜವಾದ ರಂಜಕ ಬಳಿದಿದ್ದರೆ ನಾಯಿ ಬದುಕುತ್ತಿರಲಿಲ್ಲ. ರಸಾಯನಶಾಸ್ತ್ರ ಓದಿದವನ ಈ ತಕರಾರನ್ನು ಕ್ಷಮಿಸಿ.) ಕನ್ನಡದಲ್ಲಿ ಇದೇ ದಾರಿಯ ಹೊಸ ಪ್ರಯತ್ನವೆಂದರೆ 2025ರಲ್ಲಿ ಬಂದ, ರಮೇಶ್ ಇಂದಿರಾ ನಿರ್ದೇಶನದ ಆರು ಕಂತುಗಳ ‘ಅಯ್ಯನ ಮನೆ’. ಒಂದು ಮನೆಯ ಸೊಸೆಯಂದಿರು ಒಬ್ಬೊಬ್ಬರಾಗಿ ಸಾಯುತ್ತಾರೆ. ದೈವದ ಮುನಿಸೋ, ಮನುಷ್ಯರ ಕೈವಾಡವೋ ಎಂದು ಹೊಸ ಸೊಸೆ ಹುಡುಕಲು ಹೊರಡುತ್ತಾಳೆ. ಪದವಿ ತರಗತಿಯವರು ನೋಡಬಹುದು.

ಇಲ್ಲಿಂದ ಪತ್ತೇದಾರಿಗೆ ಹೆಜ್ಜೆ ಹತ್ತಿರ. ನಮ್ಮಲ್ಲಿ ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮ’ನನ್ನು ಓದಿ ಓದುವ ಚಟ ಹತ್ತಿಸಿಕೊಂಡ ತಲೆಮಾರೊಂದಿತ್ತು. ಕಿರುತೆರೆಯಲ್ಲಿ ಆ ಕೆಲಸ ಮಾಡಿದ್ದು 1985ರ ‘ಕರಮ್‌ಚಂದ್’. ಪಂಕಜ್ ಪರಾಶರ್ ನಿರ್ದೇಶನ, ಕ್ಯಾರೆಟ್ ಕಡಿಯುವ ಪತ್ತೇದಾರನಾಗಿ ಪಂಕಜ್ ಕಪೂರ್. ಲವಲವಿಕೆಯಿದೆ, ಆದರೆ ಸಹಾಯಕಿ ಕಿಟ್ಟಿಯನ್ನು ಪ್ರತಿ ಸಲ ‘ಬಾಯಿ ಮುಚ್ಚು’ ಎನ್ನುವ ತಮಾಷೆ ಈಗ ನನಗೆ ರುಚಿಸುವುದಿಲ್ಲ.

ನಾನು ಮನಸಾರೆ ಶಿಫಾರಸು ಮಾಡುವುದು 1993ರ ‘ಬ್ಯೋಮಕೇಶ್ ಬಕ್ಷಿ’ಯನ್ನು. ಶರದಿಂದು ಬಂದ್ಯೋಪಾಧ್ಯಾಯರ ಬಂಗಾಳಿ ಕತೆಗಳು, ಬಾಸು ಚಟರ್ಜಿ ನಿರ್ದೇಶನ, ರಜಿತ್ ಕಪೂರ್ ಬ್ಯೋಮಕೇಶ್, ಕೆ.ಕೆ. ರೈನಾ ಅವನ ಗೆಳೆಯ ಅಜಿತ್. 2020ರ ಲಾಕ್‌ಡೌನ್ ದಿನಗಳಲ್ಲಿ ದೂರದರ್ಶನ ಇದನ್ನು ಮರುಪ್ರಸಾರ ಮಾಡಿದಾಗ ಹೊಸ ತಲೆಮಾರೂ ಮೆಚ್ಚಿತು. ಬ್ಯೋಮಕೇಶನಿಗೆ ತನ್ನನ್ನು ಪತ್ತೇದಾರ ಎಂದು ಕರೆಸಿಕೊಳ್ಳುವುದು ಇಷ್ಟವಿಲ್ಲ. ಅವನು ‘ಸತ್ಯಾನ್ವೇಷಿ’. ಕೈಯಲ್ಲಿ ಪಿಸ್ತೂಲಿಲ್ಲ, ಹಿನ್ನೆಲೆಯಲ್ಲಿ ಢಂಢಂ ಇಲ್ಲ. ಅದರ ‘ಮಕಡೀ ಕಾ ರಸ್’ ಕಂತನ್ನು ತಪ್ಪಿಸಬೇಡಿ. ಹಾಸಿಗೆ ಹಿಡಿದ ಒಬ್ಬ ಮುದುಕ ಜೇಡದ ರಸದ ಚಟಕ್ಕೆ ಬಿದ್ದಿದ್ದಾನೆ. ಮನೆಯವರೆಲ್ಲ ಹಗಲಿರುಳು ಕಾವಲಿದ್ದರೂ ಅದು ದಿನಾ ಅವನಿಗೆ ತಲಪುತ್ತಿದೆ. ಹೇಗೆ? ಬ್ಯೋಮಕೇಶ್ ಬೇರೆ ಕೆಲಸದಲ್ಲಿದ್ದು ಅಜಿತನನ್ನು ಕಳಿಸುತ್ತಾನೆ. ಅಜಿತ್ ನೋಡಿದ್ದನ್ನೆಲ್ಲ ನಾವೂ ನೋಡುತ್ತೇವೆ. ಏನನ್ನೂ ಬಚ್ಚಿಟ್ಟಿಲ್ಲ. ಆದರೂ ಅಜಿತನಂತೆ ನಾವೂ ತಪ್ಪುತ್ತೇವೆ, ಸುಮ್ಮನೆ ಕುಳಿತು ವರದಿ ಕೇಳಿದವನು ಬಿಡಿಸುತ್ತಾನೆ.

‘ಸಿ.ಐ.ಡಿ.’ ಬಗ್ಗೆ ಏನು ಹೇಳುತ್ತೀರಿ ಎಂದು ಪ್ರತಿ ಎರಡನೆಯ ಪತ್ರ ಕೇಳುತ್ತದೆ. ಬಿ.ಪಿ. ಸಿಂಗ್ ಅವರೇ 1998ರಲ್ಲಿ ಆರಂಭಿಸಿ 2018ರವರೆಗೆ ಎಡೆಬಿಡದೆ ನಡೆಸಿ, 2024ರ ಕೊನೆಯಲ್ಲಿ ಮತ್ತೆ ತಂದ ಸರಣಿ ಇದು. 2004ರಲ್ಲಿ 111 ನಿಮಿಷದ ಕಂತೊಂದನ್ನು ಎಲ್ಲಿಯೂ ಕತ್ತರಿಸದೆ ಒಂದೇ ಶಾಟ್‌ನಲ್ಲಿ ಚಿತ್ರೀಕರಿಸಿದ ಅವರ ಧೈರ್ಯಕ್ಕೆ ನಿರ್ಮಾಪಕನಾಗಿ ನನ್ನ ನಮಸ್ಕಾರ. ನೋಡಿ, ಖುಷಿಪಡಿ, ದಯಾ ಬಾಗಿಲು ಒದೆಯುವಾಗ ಚಪ್ಪಾಳೆಯನ್ನೂ ಹೊಡೆಯಿರಿ. ಆದರೆ ಅದನ್ನು ಪೊಲೀಸ್ ತನಿಖೆ ಎಂದುಕೊಳ್ಳಬೇಡಿ. ಅಲ್ಲಿ ಡಾ. ಸಾಳುಂಖೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ತಲೆಯೆತ್ತುವಷ್ಟರಲ್ಲಿ ಡಿ.ಎನ್.ಎ. ಫಲಿತಾಂಶ ಸಿದ್ಧ. ನಿಜದಲ್ಲಿ ಅದಕ್ಕೆ ದಿನಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಮಾದರಿಯನ್ನು ಮೊಹರು ಮಾಡಬೇಕು, ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಬರೆದಿಡಬೇಕು. ನಿಮ್ಮ ಕಲಬುರಗಿಯಲ್ಲೇ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯವಿದೆ. ಭಾರತದಲ್ಲಿ ಡಿ.ಎನ್.ಎ. ಬೆರಳಚ್ಚು ವಿಧಾನವನ್ನು ಬೆಳೆಸಿದ ವಿಜ್ಞಾನಿ ಲಾಲ್‌ಜಿ ಸಿಂಗ್ ಕೆಲಸ ಮಾಡಿದ್ದು ಹೈದರಾಬಾದಿನಲ್ಲಿ, ವಾಡಿಯಿಂದ ಒಂದೇ ರೈಲಿನ ದಾರಿ.

ಸಿ.ಐ.ಡಿ.ಯ ಕೊನೆಯ ದೃಶ್ಯ ನಿಮಗೆಲ್ಲ ಬಾಯಿಪಾಠ. ಕೆನ್ನೆಗೆ ಒಂದು ಏಟು ಬೀಳುತ್ತದೆ, ಅಪರಾಧಿ ಗಳಗಳನೆ ಒಪ್ಪಿಕೊಳ್ಳುತ್ತಾನೆ, ಕಂತು ಮುಗಿಯುತ್ತದೆ. ನಮ್ಮ ಕಾನೂನಿನಲ್ಲಿ ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತಾಗಿ ಬಳಸುವಂತಿಲ್ಲ. 1872ರ ಸಾಕ್ಷ್ಯ ಕಾಯಿದೆಯಲ್ಲೂ ಹೀಗೇ ಇತ್ತು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಹೀಗೇ ಇದೆ. ಕಾರಣ ಸರಳ. ಸಾಕಷ್ಟು ಹೊಡೆದರೆ ಯಾರೂ ಏನನ್ನಾದರೂ ಒಪ್ಪಿಕೊಳ್ಳುತ್ತಾರೆ. ಬಾನಾಮತಿ ಮಾಡಿದೆ ಎಂದೂ ಒಪ್ಪಿಕೊಳ್ಳುತ್ತಾರೆ.

ನ್ಯಾಯಾಲಯದ ಒಳಗೆ ಪುರಾವೆಯನ್ನು ಹೇಗೆ ಎಳೆದಾಡುತ್ತಾರೆಂದು ನೋಡುವ ಆಸೆಯಿದ್ದರೆ ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳಿವೆ. ಅವು ಪತ್ತೇದಾರಿಯಲ್ಲ, ಆದರೆ ಅವರೇ ಕಪ್ಪು ಕೋಟು ತೊಟ್ಟು ಸಿ.ಎಸ್.ಪಿ. ಎಂಬ ವಕೀಲರಾಗಿ ನಡೆಸುವ ಪಾಟೀಸವಾಲುಗಳು ಯಾವ ಕೊಲೆ ಕತೆಗೂ ಕಡಿಮೆಯಿಲ್ಲ. ಹದಿನೆಂಟು ದಾಟಿದವರಿಗೆ ಮಾತ್ರ ಹೇಳಬೇಕಾದದ್ದು ‘ಡೆಲ್ಲಿ ಕ್ರೈಮ್’. 2012ರ ದೆಹಲಿ ಪ್ರಕರಣದ ತನಿಖೆಯನ್ನು ಆಧರಿಸಿ ರಿಚಿ ಮೆಹ್ತಾ 2019ರಲ್ಲಿ ತಂದ ಸರಣಿ, 2020ರಲ್ಲಿ ಅಂತರರಾಷ್ಟ್ರೀಯ ಎಮ್ಮಿ ಪಡೆಯಿತು. ನೋಡಲು ಕಷ್ಟ. ನಿದ್ದೆಗೆಟ್ಟ ಪೊಲೀಸರು, ಕೈಕೊಡುವ ಕರೆಂಟು, ಕಾಗದಪತ್ರ, ಕಾಯುವಿಕೆ, ಇವೆಲ್ಲ ಇರುವುದರಿಂದಲೇ ಅದು ನಂಬತಕ್ಕದ್ದು.

ಟೀವಿ ಆರಿಸಿದ ಮೇಲೂ ಪತ್ತೇದಾರಿ ಮುಂದುವರಿಸಬೇಕೆಂದಿದ್ದರೆ ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಹೋಗಿಬನ್ನಿ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ವಿಗ್ರಹ ನಿಲ್ಲಿಸಲು ಪೀಠವಾಗಿ ಬಳಸಿ, ನಡುವೆ ಚೌಕ ತೂತು ಕೊರೆದಿದ್ದ ಕಲ್ಲು ಹೊರಬಿತ್ತು. ನೋಡಿದರೆ ಅದರ ಮೇಲೆ ಅಶೋಕನ ಶಾಸನ! ಪಕ್ಕದ ಕನಗನಹಳ್ಳಿಯ ಉತ್ಖನನದಲ್ಲಿ ರಾಜನೊಬ್ಬನ ಶಿಲ್ಪವೂ ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯ ಅಸೋಕೋ’ ಎಂಬ ಬರಹವೂ ದೊರೆತವು. ಹಾಳು ಗುಡಿ, ಕಾಳಿ, ಕುಸಿದ ಚಾವಣಿ: ಭೂತದ ಧಾರಾವಾಹಿಯವನಿಗೆ ಇನ್ನೇನು ಬೇಕು? ಆದರೆ ಅಲ್ಲಿ ನಡೆದದ್ದು ಅಕ್ಷರ ಅಕ್ಷರ ಕೂಡಿಸಿ ಓದಿದವರ ಕತೆ.

ಒಂದು ಕೆಲಸ ಒಪ್ಪಿಸಿ ಮುಗಿಸುತ್ತೇನೆ. ‘ಮಕಡೀ ಕಾ ರಸ್’ ನೋಡುವಾಗ ಅಜಿತ್ ತನ್ನ ವರದಿ ಒಪ್ಪಿಸಿದ ಕೂಡಲೇ ನಿಲ್ಲಿಸಿ. ಕೋಣೆಯಲ್ಲಿ ಕಂಡ ವಸ್ತುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ರಸ ಒಳಗೆ ಬಂದ ದಾರಿ ಯಾವುದೆಂದು ಪಕ್ಕದಲ್ಲಿ ಊಹೆ ಬರೆದು, ಅದಕ್ಕೆ ಕಾರಣವನ್ನೂ ಬರೆಯಿರಿ. ಆಮೇಲೆ ಉಳಿದದ್ದನ್ನು ನೋಡಿ. ಊಹೆ ತಪ್ಪಾಗಿದ್ದರೂ ಆ ಹಾಳೆಯನ್ನು ನಮ್ಮ ಕಾರ್ಯಕ್ರಮಕ್ಕೆ ಕಳುಹಿಸಿ. ನನ್ನದೂ ಮೊದಲ ಸಲ ತಪ್ಪಾಗಿತ್ತು.